ನೇಟಿವ್ ಕ್ಲಾಸ್‌ನೊಳಗೆ ಮ್ಯಾನೇಜ್ಡ್ ಆಬ್ಜೆಕ್ಟ್ ಇಡುವುದು ಹೇಗೆ?

ಪ್ರಶ್ನೆ: ನಮ್ಮ ಹಳೆಯ ಸಿ++ (ನೇಟಿವ್) ಪ್ರೋಗ್ರಾಮ್‌ಗೆ ಡಾಟ್‌ನೆಟ್‌ನಲ್ಲಿ ಬರೆದ (ಮ್ಯಾನೇಜ್ಡ್, ಅಂದರೆ ಮೆಮೊರಿಯನ್ನು ರನ್‌ಟೈಮೇ ನೋಡಿಕೊಳ್ಳುವ) ಲಾಗರ್ ಜೋಡಿಸುತ್ತಿದ್ದೇನೆ. ಫೈಲನ್ನು ಸಿಎಲ್‌ಆರ್ (ಡಾಟ್‌ನೆಟ್ ರನ್‌ಟೈಮ್) ಸ್ವಿಚ್ ಹಾಕಿಯೇ ಕಂಪೈಲ್ ಮಾಡುತ್ತಿದ್ದರೂ, ನೇಟಿವ್ ಕ್ಲಾಸ್‌ನಲ್ಲಿ ಲಾಗರ್ ಹ್ಯಾಂಡಲನ್ನು (ಲಾಗರ್ ಕಡೆಗೆ ತೋರುವ ರೆಫರೆನ್ಸನ್ನು) ಮೆಂಬರ್ ಮಾಡಿದರೆ ಸಿ3265 ಎರರ್ ಬರುತ್ತದೆ. ಅದನ್ನೇ ಫಂಕ್ಷನ್‌ನೊಳಗೆ ಲೋಕಲ್ ವೇರಿಯಬಲ್ ಮಾಡಿದರೆ ತಕರಾರಿಲ್ಲ. ಯಾಕೆ ಹೀಗೆ?

ಉತ್ತರ: ಕಂಪೈಲರ್ ನಿಮ್ಮನ್ನು ದೊಡ್ಡ ಅಪಾಯದಿಂದ ತಪ್ಪಿಸುತ್ತಿದೆ. ಯಾರೂ ಬಳಸದ ಆಬ್ಜೆಕ್ಟ್‌ಗಳನ್ನು ತೆಗೆಯುವ ಗಾರ್ಬೇಜ್ ಕಲೆಕ್ಟರ್ ಮೆಮೊರಿ ಒತ್ತೊತ್ತಾಗಿ ಜೋಡಿಸುವಾಗ ಆಬ್ಜೆಕ್ಟ್‌ಗಳನ್ನು ಜಾಗ ಬದಲಿಸುತ್ತದೆ, ತನಗೆ ಗೊತ್ತಿರುವ ರೆಫರೆನ್ಸ್‌ಗಳನ್ನೆಲ್ಲ ತಿದ್ದುತ್ತದೆ. ಮ್ಯಾನೇಜ್ಡ್ ಫಂಕ್ಷನ್‌ನ ಲೋಕಲ್ ವೇರಿಯಬಲ್ ಅದಕ್ಕೆ ಕಾಣುತ್ತದೆ. ನೇಟಿವ್ ಹೀಪ್‌ನಲ್ಲಿ ಕುಳಿತ ಹ್ಯಾಂಡಲ್ ಕಾಣುವುದಿಲ್ಲ. ಅಲ್ಲಿರುವುದು ನಾಳೆ ಹಳೆಯ ವಿಳಾಸವಾಗಿರಬಹುದು, ಅಥವಾ ಲಾಗರ್ ಅನ್ನೇ ಕಲೆಕ್ಟರ್ ಗುಡಿಸಿ ಹಾಕಿರಬಹುದು.

ಇದಕ್ಕೆಂದೇ ವಿಸಿಸಿಎಲ್‌ಆರ್ ಹೆಡರ್‌ನಲ್ಲಿ ಜಿಸಿರೂಟ್ ಟೆಂಪ್ಲೇಟ್ ಇದೆ. ಲಾಗರ್ ಹ್ಯಾಂಡಲನ್ನು ಅದರೊಳಗೆ ಸುತ್ತಿ ಮೆಂಬರ್ ಮಾಡಿ. ಬಾಣದ ಆಪರೇಟರ್ ಎಂದಿನಂತೆಯೇ ಕೆಲಸ ಮಾಡುತ್ತದೆ. ಒಳಗೆ ಇರುವುದು ಜಿಸಿಹ್ಯಾಂಡಲ್: ನಿಮ್ಮ ಕ್ಲಾಸ್‌ನಲ್ಲಿ ಉಳಿಯುವುದು 32 ಬಿಟ್‌ನಲ್ಲಿ 4 ಬೈಟ್, 64 ಬಿಟ್‌ನಲ್ಲಿ 8 ಬೈಟ್‌ನ ಒಂದು ಸಂಖ್ಯೆ ಮಾತ್ರ. ಲಾಗರ್ ಎಲ್ಲಿಗೆ ಸರಿದರೂ ರನ್‌ಟೈಮ್ ತನ್ನ ಹ್ಯಾಂಡಲ್ ಟೇಬಲ್ ತಿದ್ದಿಕೊಳ್ಳುತ್ತದೆ, ನಿಮ್ಮ ಸಂಖ್ಯೆ ಬದಲಾಗುವುದಿಲ್ಲ.

ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸುತ್ತಾರೆ, ಎಡವುವುದೂ ಇಲ್ಲೇ. ಜಿಸಿರೂಟ್‌ನ ಡಿಸ್ಟ್ರಕ್ಟರ್ ಹಿಡಿತ ಬಿಡುತ್ತದೆಯೇ ಹೊರತು, ಫೈಲ್ ಮುಂತಾದವನ್ನು ಮುಚ್ಚುವ ಡಿಸ್ಪೋಸ್ ಕರೆಯುವುದಿಲ್ಲ. ನಿಮ್ಮ ಲಾಗರ್ ಒಳಗೆ ಫೈಲಿಗೆ ಬರೆಯುವ ಸ್ಟ್ರೀಮ್‌ರೈಟರ್ ಇದ್ದರೆ ಬಫರ್‌ನಲ್ಲಿ ಉಳಿದ ಕೊನೆಯ ಸಾಲುಗಳು ಫೈಲಿಗೆ ಸೇರುವುದೇ ಇಲ್ಲ, ಏಕೆಂದರೆ ಡಿಸ್ಪೋಸ್ ಆಗದೆ ಉಳಿದ ಸ್ಟ್ರೀಮ್‌ರೈಟರ್ ಅವನ್ನು ತಾನಾಗಿ ಫ್ಲಶ್ ಮಾಡುವುದಿಲ್ಲ. ಪ್ರೋಗ್ರಾಮ್ ಮುಗಿಯುವ ಹೊತ್ತಿನ ಸಾಲುಗಳೇ ನಿಮಗೆ ಬೇಕಾದವು! ಹಾಗಾಗಿ ಇಲ್ಲಿ ಆಟೋಜಿಸಿರೂಟ್ ಬಳಸಿ, ಅದು ಡಿಸ್ಪೋಸ್ ಕೂಡ ಮಾಡುತ್ತದೆ. ಆದರೆ ಅದನ್ನು ಕಾಪಿ ಮಾಡಿದರೆ ಒಡೆತನ ಹೊಸದಕ್ಕೆ ಹೋಗಿ ಹಳೆಯದು ಖಾಲಿಯಾಗುತ್ತದೆ.

ಇನ್ನೊಂದು ಗಂಟು. ಲಾಗರ್ ಕೂಡ ನಿಮ್ಮ ನೇಟಿವ್ ಆಬ್ಜೆಕ್ಟ್‌ನ ಪಾಯಿಂಟರ್ ಹಿಡಿದು, ತನ್ನ ಫೈನಲೈಸರ್‌ನಲ್ಲಿ (ಯಾರೂ ಹಿಡಿದಿಲ್ಲದಾಗ ರನ್‌ಟೈಮ್ ಓಡಿಸುವ ಕೋಡ್‌ನಲ್ಲಿ) ಅದನ್ನು ಡಿಲೀಟ್ ಮಾಡುತ್ತದೆ ಎಂದುಕೊಳ್ಳಿ. ಜಿಸಿರೂಟ್ ಲಾಗರ್ ಅನ್ನು ಹಿಡಿದಿರುವ ತನಕ ಫೈನಲೈಸರ್ ಓಡದು, ಅದು ಓಡದೆ ಜಿಸಿರೂಟ್ ಬಿಡದು. ಎರಡೂ ಮೆಮೊರಿಯಲ್ಲೇ ಉಳಿಯುತ್ತವೆ. ನೇಟಿವ್ ಆಬ್ಜೆಕ್ಟ್‌ನಿಂದ ಲಾಗರ್‌ಗೆ ಇರುವುದು ಹಿಂದಕ್ಕೆ ತೋರುವ ಕೊಂಡಿಯಷ್ಟೇ ಆದರೆ ಜಿಸಿರೂಟ್‌ನಲ್ಲಿ ಲಾಗರ್ ಬದಲು ಅದರ ವೀಕ್‌ರೆಫರೆನ್ಸ್ (ಹಿಡಿದಿಡದೆ ತೋರುವ ಕೊಂಡಿ) ಇಡಿ, ಬಳಸುವ ಮುನ್ನ ಟಾರ್ಗೆಟ್ ನಲ್ ಆಗಿದೆಯೇ ನೋಡಿ.

ನಿಮ್ಮ ನೇಟಿವ್ ಕ್ಲಾಸ್ ಇರುವ ಹೆಡರನ್ನು ಸಿಎಲ್‌ಆರ್ ಸ್ವಿಚ್ ಇಲ್ಲದ ಫೈಲ್‌ಗಳೂ ಸೇರಿಸಿಕೊಳ್ಳುತ್ತಿದ್ದರೆ ಅಲ್ಲಿ ಜಿಸಿರೂಟ್ ಕಂಪೈಲ್ ಆಗದು. ಆಗ ಹೆಡರ್‌ನಲ್ಲಿ ಒಂದು ಒಳ ಕ್ಲಾಸ್‌ನ ಹೆಸರು ಮತ್ತು ಪಾಯಿಂಟರ್ ಮಾತ್ರ ಬರೆದು, ಜಿಸಿರೂಟ್ ಇರುವ ಅದರ ಮೈಯನ್ನು ಸಿಎಲ್‌ಆರ್ ಫೈಲಿನಲ್ಲಿ ಇಡಿ.