ಓದದೆ ಹೋದರೂ ಪರವಾಗಿಲ್ಲ, ಚಿಕ್ಕ ಹಾಲ್ ಹುಡುಕಿ

ವಸಾಹತೋತ್ತರ ಸಾಹಿತ್ಯದ ಉತ್ಸವಕ್ಕೆ ಮೊದಲ ಸಲ ಹೊರಟಿದ್ದೀರಿ, ಬರುವವರಲ್ಲಿ ಒಬ್ಬರನ್ನೂ ಓದಿಲ್ಲ, ಸುಮ್ನೆ ಪೆದ್ದರ ಹಾಗೆ ಕೂತು ಬರಬೇಕಾಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ನಾನು ಮೊದಲು ಹೋದಾಗ ಆ ಪದದ ಅರ್ಥವೇ ಸರಿಯಾಗಿ ಗೊತ್ತಿರಲಿಲ್ಲ. ಪರದೇಶದವರು ಆಳಿ ಹೋದ ಮೇಲೂ ಮನೆಯೊಳಗೆ ಏನೇನು ಉಳಿದುಕೊಂಡಿದೆ ಅಂತ ಬರೆಯುವವರು, ಸದ್ಯಕ್ಕೆ ಇಷ್ಟು ಸಾಕು.

ಇಂಥ ಕಡೆ ನಾನು ನೋಡುವುದು ಒಂದನ್ನೇ. ವೇದಿಕೆ ಮೇಲೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಿವಿಗೆ ಬೀಳುತ್ತದಾ?

ಇದು ಹಳೇ ಜಗಳ. 1962ರಲ್ಲಿ ಉಗಾಂಡಾದ ಮಕೆರೆರೆ ಕಾಲೇಜಿನಲ್ಲಿ ಆಫ್ರಿಕಾದ ಲೇಖಕರ ಸಮ್ಮೇಳನ ನಡೆಯಿತು. ನೈಜೀರಿಯಾದ ಲೇಖಕರಾದ ಚಿನುವಾ ಅಚಿಬೆ, ವೋಲೆ ಸೋಯಿಂಕಾ ಎಲ್ಲ ಇದ್ದರು. ಆದರೆ ಕರೆದದ್ದು ಇಂಗ್ಲಿಷಿನಲ್ಲಿ ಬರೆಯುವವರನ್ನು ಮಾತ್ರ. ಮುಂದೆ ದೊಡ್ಡ ಕಾದಂಬರಿಕಾರರಾದ ಕೀನ್ಯಾದ ಗೂಗಿ ವಾ ಥಿಯಾಂಗೊ ಆಗಿನ್ನೂ ವಿದ್ಯಾರ್ಥಿ. ಅಚ್ಚಾಗಿದ್ದ ಎರಡೇ ಎರಡು ಇಂಗ್ಲಿಷ್ ಕಥೆಗಳ ಬಲದ ಮೇಲೆ ಒಳಗೆ ಹೋದರು. ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ದೊಡ್ಡ ಕವಿ ಶಾಬಾನ್ ರಾಬರ್ಟ್‌ಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ. ತಮಾಷೆ ಅಲ್ವಾ? ಗೂಗಿ ಇದನ್ನು ಮರೆಯಲಿಲ್ಲ, ಮುಂದೆ ತಮ್ಮ ಗಿಕುಯು ಭಾಷೆಯಲ್ಲೇ ಕಾದಂಬರಿ ಬರೆದರು. 2001ರಲ್ಲಿ ನಮ್ಮ ಅಮಿತಾವ್ ಘೋಷ್, ಹೆಚ್ಚಾಗಿ ಹಿಂದೆ ಬ್ರಿಟಿಷರು ಆಳಿದ ದೇಶಗಳ ಲೇಖಕರಿಗೆ ಕೊಡುತ್ತಿದ್ದ ಕಾಮನ್‌ವೆಲ್ತ್ ಬಹುಮಾನದ ಸ್ಪರ್ಧೆಯಿಂದ ತಮ್ಮ ಕಾದಂಬರಿ ವಾಪಸ್ ತೆಗೆದುಕೊಂಡರು. ಇಂಗ್ಲಿಷಿನಲ್ಲಿ ಬರೆದದ್ದಕ್ಕೆ ಮಾತ್ರ ಬಹುಮಾನ ಯಾಕೆ ಅನ್ನುವುದೂ ಅವರ ತಕರಾರಾಗಿತ್ತು.

ಅದಕ್ಕೇ ದೊಡ್ಡ ಹಾಲ್‌ನ ಹೆಸರಾಂತ ಗೋಷ್ಠಿಗಳ ಮೇಲೆ ನನಗೆ ನಂಬಿಕೆ ಕಡಿಮೆ. ಒಂದು ಕಡೆ ಮೂರು ದೇಶದ ಮೂವರು ಕಾದಂಬರಿಕಾರರನ್ನು ಕೂರಿಸಿ, ಮೂವರಿಗೂ ‘ನಿಮ್ಮ ದೇಶದಲ್ಲಿ ಪರಿಸ್ಥಿತಿ ಹೇಗಿದೆ’ ಅಂತಲೇ ಕೇಳಿದರು. ಕಾದಂಬರಿ ಬಗ್ಗೆ ಒಂದು ಮಾತಿಲ್ಲ. ನಾನು ಅರ್ಧಕ್ಕೇ ಎದ್ದು ಪಕ್ಕದ ಚಿಕ್ಕ ಹಾಲ್‌ಗೆ ಹೋದೆ.

ಅಲ್ಲಿ ಮೂವತ್ತು ಜನ ಇದ್ದರೆ ಹೆಚ್ಚು. ಒಬ್ಬ ಕವಯಿತ್ರಿ ತಮ್ಮ ಭಾಷೆಯಲ್ಲಿ ಓದುತ್ತಿದ್ದರು. ಒಂದಕ್ಷರ ಅರ್ಥವಾಗಲಿಲ್ಲ, ಆದರೆ ಒಂದು ಸಾಲು ಮತ್ತೆ ಮತ್ತೆ ಬರುತ್ತಿತ್ತು, ಮೂರನೇ ಸಲಕ್ಕೆ ಅದಕ್ಕೆ ಕಾಯತೊಡಗಿದ್ದೆ. ಆಮೇಲೆ ಅನುವಾದಕಿ ಓದಿದರು. ನಡುವೆ ತಡವರಿಸಿ ಪುಸ್ತಕ ನಮ್ಮ ಕಡೆ ತಿರುಗಿಸಿದರು. ಅಚ್ಚಾದ ಪುಟದಲ್ಲೇ ಒಂದು ಪದಕ್ಕೆ ಪೆನ್ಸಿಲ್‌ನಲ್ಲಿ ಸುತ್ತು, ಪಕ್ಕದಲ್ಲಿ ಬೇರೆ ಮೂರು ಪದ, ಎರಡು ಹೊಡೆದು ಹಾಕಿದ್ದು. ‘ಇನ್ನೂ ಸರಿ ಕೂತಿಲ್ಲ’ ಅಂದರು. ಕವಯಿತ್ರಿ ನಕ್ಕರು. ಅರ್ಧ ಗಂಟೆ ಆ ಒಂದು ಪದದ ಮೇಲೇ ಮಾತು.

ಅನುವಾದಕರ ಗೋಷ್ಠಿಗಳಿಗೆ ಈಗ ಜನ ಸ್ವಲ್ಪ ಜಾಸ್ತಿ. ಇಂಗ್ಲಿಷಿಗೆ ಅನುವಾದವಾದ ಪುಸ್ತಕಕ್ಕೆ ಕೊಡುವ ಇಂಟರ್‌ನ್ಯಾಷನಲ್ ಬುಕರ್ ಬಹುಮಾನದ ಹಣ 2016ರಿಂದ ಲೇಖಕರಿಗೂ ಅನುವಾದಕರಿಗೂ ಸಮಪಾಲು. 2025ರಲ್ಲಿ ಅದನ್ನು ಪಡೆಯಲು ಲೇಖಕಿ ಬಾನು ಮುಷ್ತಾಕ್, ಅನುವಾದಕಿ ದೀಪಾ ಭಾಸ್ತಿ ಇಬ್ಬರೂ ಒಟ್ಟಿಗೆ ವೇದಿಕೆ ಹತ್ತಿದ್ದನ್ನು ನೀವೂ ನೋಡಿರುತ್ತೀರಿ.

ಕಾರ್ಯಕ್ರಮ ಪಟ್ಟಿಯಲ್ಲಿ ಅನುವಾದಕರ ಹೆಸರಿರುವ ಗೋಷ್ಠಿಗೆ ಗುರುತು ಹಾಕಿಕೊಳ್ಳಿ, ಮುಂದಿನ ಸಾಲಲ್ಲಿ ಕೂರಿ. ಪ್ರಶ್ನೆ ಕೇಳಲು ಬಿಟ್ಟಾಗ ಭಾಷಣ ಬೇಡ. ಮೂಲ ಭಾಷೆಯಲ್ಲಿ ಒಂದು ಪುಟ ಓದುತ್ತೀರಾ ಅಂತ ಕೇಳಿ. ನಾನು ಕೇಳಿದಾಗ ಇದುವರೆಗೆ ಯಾರೂ ಆಗಲ್ಲ ಅಂದಿಲ್ಲ.