ಜಪಾನಿ ಇಮೇಲಿನಲ್ಲಿ ‘ಡಿಯರ್ ಸರ್’ ಜಾಗಕ್ಕೆ ಏನು ಬರೆಯಬೇಕು?

ಜಪಾನಿ ಗ್ರಾಹಕರಿಗೆ ಇಮೇಲ್ ಬರೆಯಲು ಹೊರಟಾಗ ಅನುವಾದದ ಆ್ಯಪ್ ‘ಶಿನ್‌ಶಿ’ ಎಂಬ ಪದ ಕೊಟ್ಟಿತು, ಅದು ಸರಿಯೇ ಎಂದು ಕೇಳಿದ್ದೀರಿ. ಆ್ಯಪ್‌ಗೆ ‘ಸರ್’, ‘ಜಂಟಲ್‌ಮನ್’ ಅಂತ ಬಿಡಿ ಪದ ಕೊಟ್ಟಿರುವುದೇ ತೊಡಕಿಗೆ ಕಾರಣ ಇರಬೇಕು. ನಿಮಗೆ ಸಿಕ್ಕ ‘ಶಿನ್‌ಶಿ’ ಅಂದರೆ ಸಭ್ಯ ಗಂಡಸು ಎಂದು ಅರ್ಥ ನಿಜ, ಆದರೆ ಗ್ರಾಹಕರನ್ನು ಹಾಗೆ ಕರೆಯುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ಗಂಡಸರ ಉಡುಪಿಗೆ ‘ಶಿನ್‌ಶಿಫುಕು’ ಎಂದು ಬರೆದಿರುತ್ತಾರೆ, ಅಂಥ ಕಡೆ ಅದು ಸರಿ.

ಮೊದಲು ಅವರ ಮನೆತನದ ಹೆಸರು ಯಾವುದೆಂದು ಖಚಿತ ಮಾಡಿಕೊಳ್ಳಿ. ಇಮೇಲಿನಲ್ಲಿ ಅದಕ್ಕೆ ‘ಸಮ’ ಸೇರಿಸಿ: ‘ತನಾಕ ಸಮ’. ಮಾತಿನಲ್ಲಾದರೆ ‘ತನಾಕ ಸಾನ್’ ಸಾಕು. ಎರಡೂ ಹೆಂಗಸರಿಗೂ ಸಲ್ಲುತ್ತವೆ, ಹಾಗಾಗಿ ಗಂಡೋ ಹೆಣ್ಣೋ ಗೊತ್ತಿಲ್ಲದಿದ್ದರೂ ಚಿಂತೆ ಇಲ್ಲ. ಹೆಸರೇ ತಿಳಿಯದಿದ್ದರೆ ‘ಗೊತಾಂತೋಶಾ ಸಮ’, ಅಂದರೆ ಆ ಕೆಲಸ ನೋಡಿಕೊಳ್ಳುವವರು. ಬರೀ ಕಂಪನಿಗೆ ಬರೆಯುವಾಗ ಅದರ ಹೆಸರಿನ ನಂತರ ‘ಒಂಚೂ’. ಶಿಕ್ಷಕರು, ಡಾಕ್ಟರು ಆಗಿದ್ದರೆ ‘ಸೆನ್ಸೇ’. ಇದರ ಮೇಲೆ ಮತ್ತೆ ‘ಸಮ’ ಬೇಡ.

ನಾವು ಕನ್ನಡದವರು ಎಡವುವುದು ಇನ್ನೊಂದು ಕಡೆ. ‘ನಮ್ಮ ಸರ್ ಹೇಳಿದ್ದಾರೆ’ ಅನ್ನುವುದು ನಮಗೆ ಸಹಜ ಅಲ್ವಾ? ಜಪಾನಿಯಲ್ಲಿ ಹೊರಗಿನವರ ಮುಂದೆ ನಿಮ್ಮದೇ ಮ್ಯಾನೇಜರ ಹೆಸರಿಗೆ ‘ಸಾನ್’ ಹಚ್ಚಬಾರದು. ನಿಮ್ಮ ಹೆಸರಿಗಂತೂ ಬೇಡವೇ ಬೇಡ.

ಪರಿಚಯ ಬೆಳೆದ ಮೇಲೆ ಇಮೇಲಿನಲ್ಲೂ ‘ಸಾನ್’ ಬಳಸಬಹುದೇ ಎನ್ನುವುದು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ. ಅವರು ನಿಮಗೆ ಹಾಗೆ ಬರೆಯುವವರೆಗೂ ‘ಸಮ’ ಬಿಡಬೇಡಿ.