ಹೊಸ ವಾಲ್ವ್ ತರಿಸುವ ಮುಂಚೆ ಆ ಮೇಣದ ಕೆಪಾಸಿಟರ್ ನೋಡಿ

ಪ್ರಶ್ನೆ: ತಾತನ ಕಾಲದ ಐದು ವಾಲ್ವ್ ರೇಡಿಯೊ ಅಟ್ಟದಲ್ಲಿ ಸಿಕ್ಕಿತು. ಧೂಳು ಒರೆಸಿ ಪ್ಲಗ್ ಹಾಕಿದೆ. ಡಯಲ್ ದೀಪ ಹತ್ತಿತು, ಸ್ವಲ್ಪ ಹೊತ್ತಿಗೆ ಜೋರಾಗಿ ಗುಂಯ್ ಅನ್ನೋ ಸದ್ದು ಶುರುವಾಯಿತು. ವಾಲ್ಯೂಮ್ ಪೂರ್ತಿ ಇಳಿಸಿದರೂ ಹೋಗಲಿಲ್ಲ. ಒಂದು ಸ್ಟೇಷನ್ನೂ ಬರಲಿಲ್ಲ. ಹತ್ತು ನಿಮಿಷಕ್ಕೆ ಸ್ಪೀಕರ್ ನಡೆಸುವ ಇಎಲ್84 ವಾಲ್ವ್ ಒಳಗೆ ಕೆಂಪಗಾಯಿತು. ಹೊಸ ವಾಲ್ವ್ ತರಿಸಲೇ?

ಉತ್ತರ: ಬೇಡ. ಸದ್ಯಕ್ಕೆ ಪ್ಲಗ್ ಕೂಡ ಹಾಕಬೇಡಿ. ನಿಮ್ಮ ರೇಡಿಯೊದಲ್ಲಿ ಎರಡು ತೊಂದರೆ ಒಟ್ಟಿಗೆ ಇರುವ ಹಾಗಿದೆ. ಎರಡಕ್ಕೂ ವಾಲ್ವ್ ಕಾರಣ ಆಗಿರುವುದು ಕಡಿಮೆ.

ಮೊದಲು ಕೆಂಪಾಗಿದ್ದು ಯಾವುದು ಅಂತ ನೆನಪಿಸಿಕೊಳ್ಳಿ. ಮಧ್ಯದಲ್ಲಿ ಸಣ್ಣಗೆ ಕಿತ್ತಳೆ ಬಣ್ಣ ಕಂಡರೆ ಅದು ಹೀಟರ್, ಅದು ಹಾಗೇ ಇರಬೇಕು. ಅದರ ಸುತ್ತ ಇರುವ ಬೂದು ಬಣ್ಣದ ತಗಡು ಕೆಂಡದ ಹಾಗೆ ಆದರೆ ಮಾತ್ರ ಗಾಬರಿಯ ವಿಷಯ. ಹಾಗೇ ಬಿಟ್ಟರೆ ವಾಲ್ವ್ ಜೊತೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂಡ ಸುಟ್ಟು ಹೋಗಬಹುದು. ವಾಲ್ವ್ ಇನ್ನೊಂದು ಸಿಗುತ್ತದೆ, ಅದೇ ಟ್ರಾನ್ಸ್‌ಫಾರ್ಮರ್ ಸಿಗೋದು ಕಷ್ಟ.

ಶುರುವಿನ ದಿನಗಳಲ್ಲಿ ನಾನೂ ನಿಮ್ಮ ಹಾಗೇ ಹೊಸ ವಾಲ್ವ್ ಹಾಕಿದೆ. ಹತ್ತೇ ನಿಮಿಷಕ್ಕೆ ಅದೂ ಕೆಂಪಾಯಿತು. ತಪ್ಪೆಲ್ಲ ಪಕ್ಕದಲ್ಲಿದ್ದ ಕಡ್ಡಿ ಗಾತ್ರದ, ಮೇಣ ಮೆತ್ತಿದ ಕಂದು ಕೆಪಾಸಿಟರ್‌ನದು. ಹಿಂದಿನ ಹಂತದ ಸದ್ದನ್ನು ಇಎಲ್84ರ ಗ್ರಿಡ್‌ಗೆ (ವಾಲ್ವ್ ಎಳೆಯುವ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿಗೆ) ದಾಟಿಸೋದು, ಹಿಂದಿನ ಹಂತದ ಡಿಸಿ ವೋಲ್ಟೇಜನ್ನು ತಡೆಯೋದು, ಇಷ್ಟೇ ಅದರ ಕೆಲಸ. ಒಳಗಿನ ಕಾಗದ ತೇವ ಎಳೆದುಕೊಂಡರೆ ಡಿಸಿ ಸೋರುತ್ತದೆ. ಗ್ರಿಡ್ ಪಾಸಿಟಿವ್ ಆಗುತ್ತದೆ, ವಾಲ್ವ್ ಮೈಮೇಲೆ ಪ್ರಜ್ಞೆ ಇಲ್ಲದವನ ಹಾಗೆ ಕರೆಂಟ್ ಎಳೆಯುತ್ತದೆ.

ಮತ್ತೆ ಕರೆಂಟ್ ಕೊಡುವ ಮುಂಚೆ ಒಂದು ಸೀರೀಸ್ ಬಲ್ಬ್ ಮಾಡಿಕೊಳ್ಳಿ, ಅಂದರೆ ರೇಡಿಯೊಗೆ ಹೋಗುವ ಮೇನ್ಸ್ ತಂತಿಯ ನಡುವೆ ಒಂದು ಬಲ್ಬ್. 60 ವ್ಯಾಟ್‌ನ ಹಳೇ ತಂತಿ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯಲ್ಲ. ಮೊದಲು ಹೊಳೆದು ಆಮೇಲೆ ಮಂಕಾದರೆ ಸರಿ. ಪೂರ್ತಿ ಬೆಳಕಲ್ಲೇ ನಿಂತರೆ ಒಳಗೆ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. ಬಲ್ಬ್ ರೇಡಿಯೊವನ್ನು ಉಳಿಸುತ್ತದೆಯೇ ಹೊರತು ನಿಮಗೆ ಶಾಕ್ ಹೊಡೆಯೋದನ್ನು ತಪ್ಪಿಸಲ್ಲ. ಒಳಗೆ 250 ವೋಲ್ಟ್ ಡಿಸಿ ಓಡಾಡುತ್ತಿರುತ್ತದೆ. ಆಫ್ ಮಾಡಿದ ಮೇಲೂ ಫಿಲ್ಟರ್ ಕೆಪಾಸಿಟರನ್ನು (ಡಿಸಿಯ ಏರಿಳಿತವನ್ನು ಸಮ ಮಾಡುವ ದೊಡ್ಡ ಕೆಪಾಸಿಟರನ್ನು) 10 ಕಿಲೊ ಓಮ್, 5 ವ್ಯಾಟ್ ರೆಸಿಸ್ಟರ್‌ನಿಂದ ಕೆಲವು ಸೆಕೆಂಡ್ ಖಾಲಿ ಮಾಡಿ, ಮೀಟರ್‌ನಲ್ಲಿ ನೋಡಿಯೇ ಕೈ ಹಾಕಿ. (ವಾಲ್ವ್ ಹೆಸರು ‘ಯು’ ಅಕ್ಷರದಿಂದ ಶುರುವಾಗುವ ಸೆಟ್‌ಗಳ ಮಾತೇ ಬೇರೆ. ಅವುಗಳ ಚಾಸಿಯಲ್ಲೇ, ಅಂದರೆ ಭಾಗಗಳನ್ನು ಕೂರಿಸಿದ ತಗಡಿನಲ್ಲೇ, ಮೇನ್ಸ್ ಇರಬಹುದು. ಸೆಟ್ಟನ್ನು ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಟ್ಟಬೇಡಿ.)

ಈಗ ಮಲ್ಟಿಮೀಟರ್‌ನ ಕಪ್ಪು ತಂತಿ ಚಾಸಿಗೆ, ಕೆಂಪು ತಂತಿ ಇಎಲ್84ರ 2ನೇ ಪಿನ್‌ಗೆ (ಅದೇ ಗ್ರಿಡ್) ಸಿಕ್ಕಿಸಿ, ಬಲ್ಬ್ ಮೂಲಕ ಆನ್ ಮಾಡಿ. ಅಲ್ಲಿ ಸೊನ್ನೆ ಇರಬೇಕು. ಒಂದೆರಡು ವೋಲ್ಟ್ ಪಾಸಿಟಿವ್ ಬಂತಾ? ಆಫ್ ಮಾಡಿ, ವಾಲ್ವ್ ಕಿತ್ತಿಟ್ಟು, ಅದಿಲ್ಲದೆಯೇ ಮತ್ತೆ ಒಂದು ನಿಮಿಷ ಕರೆಂಟ್ ಕೊಟ್ಟು ಅಲ್ಲೇ ಅಳೆಯಿರಿ. ವೋಲ್ಟೇಜ್ ಹಾಗೇ ಇದ್ದರೆ ಕೆಪಾಸಿಟರ್ ಸೋರುತ್ತಿದೆ. ವಾಲ್ವ್ ತೆಗೆದ ಮೇಲೆ ಮಾಯವಾದರೆ ಮಾತ್ರ ವಾಲ್ವ್ ಮೇಲೆ ಅನುಮಾನ ಪಡಿ. ಬದಲಾಯಿಸುವಾಗ ಅಷ್ಟೇ ಮೈಕ್ರೊಫ್ಯಾರಡ್‌ನ, 630 ವೋಲ್ಟ್‌ನ ಫಿಲ್ಮ್ ಕೆಪಾಸಿಟರ್ ಹಾಕಿ.

ಇನ್ನು ಗುಂಯ್ ಸದ್ದು. ವಾಲ್ಯೂಮ್ ಇಳಿಸಿದರೂ ಹೋಗಲಿಲ್ಲ ಅಂದಿರಿ, ಅಲ್ವಾ? ಹಾಗಾದರೆ ಮೊದಲ ಅನುಮಾನ ಫಿಲ್ಟರ್ ಕೆಪಾಸಿಟರ್ ಒಣಗಿದೆ ಅಂತ. ಹಳೆಯದನ್ನು ಬಿಚ್ಚಿಯೇ ಹೊಸದು ಹಾಕಿ, ಹಳೆಯದರ ಮೇಲೇ ಬೆಸೆಯಬೇಡಿ. ಜಾಸ್ತಿ ಇದ್ದರೆ ಒಳ್ಳೇದು ಅಂತ 220 ಮೈಕ್ರೊಫ್ಯಾರಡ್ ಹಾಕಲೂ ಹೋಗಬೇಡಿ. ಇಝಡ್80 ಥರದ, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ ತನ್ನ ಎದುರು 50 ಮೈಕ್ರೊಫ್ಯಾರಡ್‌ಗಿಂತ ಹೆಚ್ಚು ತಾಳಲ್ಲ. 47 ಮೈಕ್ರೊಫ್ಯಾರಡ್, 450 ವೋಲ್ಟ್‌ನದು ಸಾಕು.

ಇಷ್ಟಾದರೂ ಸ್ಟೇಷನ್ ಬರದಿದ್ದರೆ ವಾಲ್ಯೂಮ್ ಏರಿಸಿ, ಪ್ಲಾಸ್ಟಿಕ್ ಹಿಡಿಯ ಸಣ್ಣ ಸ್ಕ್ರೂಡ್ರೈವರ್ ತುದಿಯನ್ನು ವಾಲ್ಯೂಮ್ ಕಂಟ್ರೋಲ್‌ನ ನಡುವಿನ ಕಾಲಿಗೆ ಮುಟ್ಟಿಸಿ. ಸ್ಪೀಕರ್‌ನಲ್ಲಿ ಬುರ್ರ್ ಅಂದರೆ ಅಲ್ಲಿಂದ ಮುಂದೆ ಎಲ್ಲ ಸರಿ. ಆಮೇಲೆ ಆಸಿಲೇಟರ್, ಅಂದರೆ ರೇಡಿಯೊ ಒಳಗೇ ಒಂದು ಅಲೆ ಹುಟ್ಟಿಸುವ ಭಾಗ ನೋಡಿ. ಅದಕ್ಕೆ ದುಬಾರಿ ಉಪಕರಣ ಏನೂ ಬೇಡ, ಕೆಲಸ ಮಾಡುವ ಇನ್ನೊಂದು ರೇಡಿಯೊ ಸಾಕು. ಹಳೇ ರೇಡಿಯೊದ ಮುಳ್ಳನ್ನು ಮೀಡಿಯಂ ವೇವ್ 600 ಕಿಲೊಹರ್ಟ್ಸ್‌ಗೆ ತನ್ನಿ. ಇನ್ನೊಂದನ್ನು ಪಕ್ಕದಲ್ಲೇ ಇಟ್ಟು 1055ರ ಆಸುಪಾಸು ನಿಧಾನ ತಿರುಗಿಸಿ. ಅಲ್ಲೆಲ್ಲೋ ಬರುತ್ತಿದ್ದ ಗೊರಗೊರ ಥಟ್ಟನೆ ನಿಂತರೆ, ಇಲ್ಲ ಸಿಳ್ಳೆ ಕೇಳಿದರೆ, ಆಸಿಲೇಟರ್ ಬದುಕಿದೆ. ಐಎಫ್ (ಬಂದ ಸ್ಟೇಷನ್ನನ್ನು ರೇಡಿಯೊ ಒಳಗೆ ಬದಲಾಯಿಸಿಕೊಳ್ಳುವ ಫ್ರೀಕ್ವೆನ್ಸಿ) 455 ಕಿಲೊಹರ್ಟ್ಸ್ ಇದ್ದರೆ ಆಸಿಲೇಟರ್ ಮುಳ್ಳು ತೋರಿಸುವುದಕ್ಕಿಂತ ಅಷ್ಟೇ ಮೇಲೆ ಕೂಗುತ್ತಿರುತ್ತದೆ. ಏನೂ ಕೇಳದಿದ್ದರೆ ಬ್ಯಾಂಡ್ ಸ್ವಿಚ್ ತೊಳೆದು ನೋಡಿ, ಆಮೇಲೆ ಆಸಿಲೇಟರ್ ನಡೆಸುವ ಇಸಿಎಚ್81 ವಾಲ್ವ್. ಅದನ್ನು ಬೇಕಾದರೆ ತರಿಸಿ.

ಐಎಫ್ ಡಬ್ಬಿಗಳ ಸ್ಕ್ರೂಗಳನ್ನು ಮಾತ್ರ ಸುಮ್ನೆ ತಿರುಗಿಸಬೇಡಿ. ಸಿಗ್ನಲ್ ಜನರೇಟರ್ ಇಲ್ಲದೆ ಅವನ್ನು ಮತ್ತೆ ಮೊದಲಿನ ಜಾಗಕ್ಕೆ ತರೋಕೆ ಆಗಲ್ಲ.